ಗುದ್ದಲಿ ಪೂಜೆ ಮುಗಿಯಿತು, ಕಾರ್ಯಾದೇಶ ಎಲ್ಲಿದೆ?

ಪಾಲಿಕೆಯಿಂದ ನಾಗರಿಕರಿಗೆ ಹೊರಡುವ ಪ್ರಕಟಣೆ ಮೇಯರ್ ಹೆಸರಿನಲ್ಲಿರಲಿ, ಆಯುಕ್ತರ ಹೆಸರಿನಲ್ಲಿರಲಿ, ಅದರಲ್ಲಿ ಕಾಮಗಾರಿಯ ಮಾತು ಬಂದರೆ ನಮ್ಮ ಬಡಾವಣೆಗಳ ಜನ ಮೊದಲು ನೋಡುವುದು ಮೊತ್ತವನ್ನು. ಎರಡು ಕೋಟಿ ಎಂದು ಬರೆದಿದ್ದರೆ ಎರಡು ಕೋಟಿ ಬಂದೇಬಿಟ್ಟಿತೆಂದು ನಂಬಿ, ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿ, ಕೆಲವು ತಿಂಗಳು ಕಾದ ಮೇಲೆ ಅದೇ ಕಾಗದವನ್ನು ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾರೆ. "ಸರ್, ದುಡ್ಡು ಬಂದಿದೆಯಂತೆ, ಕೆಲಸ ಯಾಕೆ ಶುರುವಾಗಿಲ್ಲ?" ಪಾಲಿಕೆಯ ಕಾಮಗಾರಿ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದ ಮೇಲೆ ನಿವಾಸಿಗಳ ಸಂಘಗಳಿಗೆ ಇಂತಹ ಕಾಗದಪತ್ರಗಳನ್ನು ಓದಿ ಹೇಳುವುದೇ ನನ್ನ ಕೆಲಸವಾಗಿದೆ. ಎಲ್ಲರಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಕಡತ ಈಗ ಯಾವ ಹಂತದಲ್ಲಿದೆ? ಉತ್ತರ ಗೊತ್ತಿದ್ದು ಬಂದವರು ತೀರ ಕಡಿಮೆ. ಮೊತ್ತ, ಘೋಷಿಸಿದವರ ಹೆಸರು, ಘೋಷಿಸಿದ ದಿನ ಎಲ್ಲವೂ ಬಾಯಿಪಾಠವಾಗಿರುತ್ತದೆ, ಹಂತವೊಂದನ್ನು ಬಿಟ್ಟು.

ಊರಿನ ಆಡಳಿತದ ರಚನೆಯೇ ಬದಲಾಗಿರುವಾಗ ಈ ಗೊಂದಲ ಹೆಚ್ಚುವುದು ಸಹಜ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲೇ ನಗರ ನಡೆಯಿತು. ಕೌನ್ಸಿಲ್ ಇದ್ದಾಗ ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು ಮಂಡಿಸುತ್ತಿದ್ದ ಆಯವ್ಯಯವನ್ನು ಆ ವರ್ಷಗಳಲ್ಲಿ ಅಧಿಕಾರಿಗಳೇ ಮಂಡಿಸಿದರು. 2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. 198 ಇದ್ದ ವಾರ್ಡುಗಳು ಐದೂ ಪಾಲಿಕೆ ಸೇರಿ 369 ಆದವು. ಕಾಯ್ದೆಯ ಪ್ರಕಾರ ಪ್ರತಿ ಪಾಲಿಕೆಗೂ ಒಬ್ಬ ಮೇಯರ್ ಇರಬೇಕಾದ್ದರಿಂದ ನಾಗರಿಕರಿಗೆ ಬರುವ ವರದಿ, ಪ್ರಕಟಣೆ, ಭರವಸೆಗಳು ಇನ್ನು ಮುಂದೆ ಐದು ಬಾಗಿಲುಗಳಿಂದ ಹೊರಡುತ್ತವೆ. ಆದರೆ ಮೇಯರ್ ಸಭೆಯ ಅಧ್ಯಕ್ಷರು, ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರಲ್ಲಿ ಎಂಬ ವಿಷಯ ಅಂದೂ ಹೀಗೆಯೇ ಇತ್ತು, ಇಂದೂ ಹೀಗೆಯೇ ಇದೆ. ಆದ್ದರಿಂದ ಮೇಯರ್ ಅವರ ಪ್ರಕಟಣೆಯಲ್ಲಿ ಬಂದ ಒಂದು ಸಾಲು ನಿಮ್ಮ ಬೀದಿಯ ಚರಂಡಿಯಾಗಿ ಬದಲಾಗಬೇಕಾದರೆ ಆ ಸಾಲು ಅಧಿಕಾರಿಗಳ ಹಲವು ಮೇಜುಗಳನ್ನು ಹಾದು ಬರಲೇಬೇಕು.

ಆ ಮೇಜುಗಳು ಯಾವುವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪುವುದು ಇಲ್ಲಿಯೇ. ಆಯವ್ಯಯದಲ್ಲಿ ಒಂದು ಲೆಕ್ಕ ಶೀರ್ಷಿಕೆಯಡಿ, ಅಂದರೆ ಯಾವ ಬಾಬತ್ತಿನ ಖರ್ಚು ಎಂಬ ತಲೆಬರಹದಡಿ, ಹಣ ತೋರಿಸುವುದು ಮೊದಲನೆಯದು. ಇದು ಖರ್ಚು ಮಾಡಲು ಸಿಕ್ಕ ಅವಕಾಶವೇ ಹೊರತು ಖಜಾನೆಯಲ್ಲಿ ಎತ್ತಿಟ್ಟ ನಗದಲ್ಲ. ಹಳೆಯ ಪಾಲಿಕೆಯ 2025-26ನೇ ಸಾಲಿನ ಆಯವ್ಯಯ 19,900 ಕೋಟಿ ರೂಪಾಯಿಗಳನ್ನು ದಾಟಿತ್ತು. ಅಷ್ಟೂ ವರಮಾನ ಅಂದುಕೊಂಡಂತೆಯೇ ಬಂದು, ಅಂದುಕೊಂಡ ಬಾಬತ್ತಿಗೇ ಖರ್ಚಾಗುತ್ತದೆಂದು ಲೆಕ್ಕಪತ್ರ ವಿಭಾಗದಲ್ಲಿ ಒಂದು ವರ್ಷ ಕುಳಿತವರು ಯಾರೂ ನಂಬುವುದಿಲ್ಲ. ಎರಡನೆಯದು ಕ್ರಿಯಾ ಯೋಜನೆ: ಆ ಶೀರ್ಷಿಕೆಯ ಹಣದಲ್ಲಿ ಯಾವ ವಾರ್ಡಿಗೆ ಯಾವ ಕೆಲಸ ಎಂಬ ಪಟ್ಟಿ. ಆ ಪಟ್ಟಿಗೆ ಆಡಳಿತಾತ್ಮಕ ಅನುಮೋದನೆ ಸಿಗುತ್ತದೆ. ಆಮೇಲೆ ಸಹಾಯಕ ಇಂಜಿನಿಯರ್ ಸ್ಥಳಕ್ಕೆ ಬಂದು ಅಳೆದು, ದರಪಟ್ಟಿಯ ಪ್ರಕಾರ ವಿವರವಾದ ಅಂದಾಜು ಪಟ್ಟಿ ತಯಾರಿಸುತ್ತಾರೆ. ಮೊತ್ತಕ್ಕೆ ತಕ್ಕ ದರ್ಜೆಯ ಅಧಿಕಾರಿ ಅದಕ್ಕೆ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ನಂತರ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗಬೇಕು, ಅಥವಾ ಅದೇ ಕಾಯ್ದೆಯ 4(ಜಿ) ಅಡಿಯಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿರಬೇಕು. ಟೆಂಡರಿನಲ್ಲಿ ತಾಂತ್ರಿಕ ಬಿಡ್ ತೆರೆದು, ಅರ್ಹರಾದವರ ಆರ್ಥಿಕ ಬಿಡ್ ತೆರೆದು, ದರ ಹೆಚ್ಚೆನಿಸಿದರೆ ಮಾತುಕತೆಯಾಗಿ, ಒಪ್ಪಿಗೆ ಪತ್ರ ಹೋಗಿ, ಗುತ್ತಿಗೆದಾರ ಭದ್ರತಾ ಠೇವಣಿ ಕಟ್ಟಿ ಕರಾರಿಗೆ ಸಹಿ ಹಾಕಿದ ಮೇಲೆ ಹೊರಡುವ ಕಾಗದವೇ ಕಾರ್ಯಾದೇಶ. ಕೆಲಸ ಎಂಬುದು ಲೆಕ್ಕಕ್ಕೆ ಬರುವುದು ಅಲ್ಲಿಂದ.

ಪ್ರಕಟಣೆಗಳಲ್ಲಿ ಬರುವ "ಅನುಮೋದನೆ ನೀಡಲಾಗಿದೆ" ಎಂಬ ಮಾತು ಬಹುಪಾಲು ಆಡಳಿತಾತ್ಮಕ ಅನುಮೋದನೆಯದು, ಅಂದರೆ ಎರಡನೆಯ ಹಂತದ್ದು. ಅದರಲ್ಲಿ ಮೋಸವೇನೂ ಇಲ್ಲ, ಅನುಮೋದನೆ ಆಗಿರುವುದು ನಿಜವೇ. ಆದರೆ ಜಾತಕ ಕೂಡಿಬಂತೆಂದು ಯಾರೂ ಅಡುಗೆಯವರಿಗೆ ಮುಂಗಡ ಕೊಟ್ಟು ಛತ್ರ ಗೊತ್ತುಮಾಡುವುದಿಲ್ಲ. ಪಾಲಿಕೆಯ ವಿಷಯದಲ್ಲಿ ಮಾತ್ರ ನಮ್ಮ ಜನ ಅದನ್ನೇ ಮಾಡುತ್ತಾರೆ. ಆಡಳಿತಾತ್ಮಕ ಅನುಮೋದನೆಗೂ ಕಾರ್ಯಾದೇಶಕ್ಕೂ ನಡುವೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳುವವರಿಗೆ ನಾನು ದಿನ ಎಣಿಸಿ ಹೇಳುವುದಿಲ್ಲ. ಮೊತ್ತ, ಟೆಂಡರಿಗೆ ಬಂದ ಬಿಡ್‌ದಾರರು, ಸಂಬಂಧಪಟ್ಟ ಹುದ್ದೆಯಲ್ಲಿ ಅಧಿಕಾರಿ ಇದ್ದಾರೋ ವರ್ಗಾವಣೆಯಾಗಿದ್ದಾರೋ ಎಂಬುದೆಲ್ಲ ಸೇರಿ ಅದು ತೀರ್ಮಾನವಾಗುತ್ತದೆ. ಮರುಟೆಂಡರ್ ಆಯಿತೆಂದರೆ ಎಣಿಕೆ ಮತ್ತೆ ಮೊದಲಿನಿಂದ.

ಹಂತ ತಿಳಿದುಕೊಳ್ಳಿ ಎಂದು ನಾನು ಇಷ್ಟು ಒತ್ತಾಯಿಸುವುದು ಬರೀ ಕಾಯುವ ತಾಳ್ಮೆಗಾಗಿ ಅಲ್ಲ. ಯಾವ ಹಂತದಲ್ಲಿ ಏನನ್ನು ಕೇಳಿದರೆ ಸಿಗುತ್ತದೆ ಎಂಬುದು ಬೇರೆ ಬೇರೆ ಇರುತ್ತದೆ. ನಗರದ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯ ಸಂಘದ ಕಾರ್ಯದರ್ಶಿಗಳು, ಬ್ಯಾಂಕಿನಿಂದ ನಿವೃತ್ತರಾದವರು, ಪತ್ರಿಕೆಯ ತುಣುಕುಗಳನ್ನೆಲ್ಲ ದಿನಾಂಕವಾರು ಜೋಡಿಸಿದ ಪ್ಲಾಸ್ಟಿಕ್ ಫೈಲಿನೊಂದಿಗೆ ನನ್ನಲ್ಲಿಗೆ ಬಂದಿದ್ದರು. ಅವರ ಅಡ್ಡರಸ್ತೆಯ ಚರಂಡಿಗೆ ಹಣ ಮಂಜೂರಾಗಿ, ಗುದ್ದಲಿ ಪೂಜೆಯೂ ನಡೆದು, ಪೂಜೆಗೆ ಬಂದ ಜನಪ್ರತಿನಿಧಿಗಳಿಗೆ ಸಂಘದ ಖರ್ಚಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಗಿತ್ತು. ಫೋಟೋ ತೋರಿಸಿದರು. ಅರಿಶಿನ ಕುಂಕುಮ ಹಚ್ಚಿದ ಹೊಸ ಗುದ್ದಲಿಯ ಹಿಡಿಯ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಪೂಜೆ ಆಯಿತಲ್ಲ, ಇನ್ನೇನು ಪಾಲಿಕೆಯವರೇ ಮಾಡುತ್ತಾರೆ ಎಂದು, ಮೂಲೆಮನೆಯ ಮುಂದೆ ಬಿರುಕು ಬಿಟ್ಟಿದ್ದ ಚಪ್ಪಡಿಯನ್ನು ನಿವಾಸಿಗಳೇ ಚಂದಾ ಎತ್ತಿ ಬದಲಿಸುವ ಯೋಚನೆಯನ್ನೂ ಕೈಬಿಟ್ಟಿದ್ದರು. ಒಂದು ಬೆಳಿಗ್ಗೆ ಹಾಲಿನ ಗಾಡಿಯ ಹಿಂದಿನ ಚಕ್ರ ಆ ಚಪ್ಪಡಿಯೊಳಗೆ ಇಳಿದ ಮೇಲೆ ಅವರಿಗೆ ನನ್ನ ನೆನಪಾಗಿದೆ.

ಕಡತದ ಪ್ರತಿ ತರಿಸಿ ನೋಡಿದರೆ ಕಾಮಗಾರಿಯ ಹೆಸರು "ವಾರ್ಡಿನ ವಿವಿಧ ಅಡ್ಡರಸ್ತೆಗಳಲ್ಲಿ ಚರಂಡಿ ಮತ್ತು ಚಪ್ಪಡಿಗಳ ಅಭಿವೃದ್ಧಿ" ಎಂದಿತ್ತು. ನಮ್ಮ ಪಾಲಿಕೆಯಲ್ಲಿ ಸಾವಿರಾರು ಕಾಮಗಾರಿಗಳ ಹೆಸರಿನಲ್ಲಿ ಈ "ವಿವಿಧ" ಇರುತ್ತದೆ, ಅದರಡಿಯಲ್ಲಿ ಯಾವ ರಸ್ತೆ ಇದೆ, ಯಾವುದು ಇಲ್ಲ ಎಂಬುದು ಶೀರ್ಷಿಕೆಯಿಂದ ತಿಳಿಯುವುದಿಲ್ಲ. ಅಂದಾಜು ಪಟ್ಟಿಯ ಒಳಪುಟದ ಚೈನೇಜ್ ಪಟ್ಟಿಯನ್ನೇ, ಅಂದರೆ ಯಾವ ರಸ್ತೆಯಲ್ಲಿ ಎಷ್ಟನೆಯ ಮೀಟರಿನಿಂದ ಎಷ್ಟನೆಯ ಮೀಟರಿನವರೆಗೆ ಕೆಲಸ ಎಂಬ ಪಟ್ಟಿಯನ್ನೇ, ನೋಡಬೇಕು. ಮೂರನೆಯ ಅಡ್ಡರಸ್ತೆ, ಸೊನ್ನೆಯಿಂದ ನೂರನಲವತ್ತು ಮೀಟರ್, ಎಡಬದಿ. ಏಳನೆಯ ಅಡ್ಡರಸ್ತೆ, ಎರಡೂ ಬದಿ. ಕಾರ್ಯದರ್ಶಿಗಳ ಮನೆ ಇರುವ ಐದನೆಯ ಅಡ್ಡರಸ್ತೆಯ ಹೆಸರೇ ಅದರಲ್ಲಿ ಇರಲಿಲ್ಲ. ತಮ್ಮ ರಸ್ತೆ ಸೇರದ ಕಾಮಗಾರಿಗೆ ಅವರು ತಮ್ಮ ರಸ್ತೆಯಲ್ಲೇ ಪೂಜೆ ಮಾಡಿಸಿ ತೆಂಗಿನಕಾಯಿ ಒಡೆಸಿದ್ದರು. ಮೊದಲು ಸಿಟ್ಟು ಮಾಡಿಕೊಂಡರು, ಆಮೇಲೆ ನಕ್ಕರು. ದೊಡ್ಡ ಮನಸ್ಸಿನ ಮನುಷ್ಯ.

ಪುಣ್ಯಕ್ಕೆ ಆ ಕಡತಕ್ಕೆ ತಾಂತ್ರಿಕ ಮಂಜೂರಾತಿ ಆಗಿರಲಿಲ್ಲ. ಅಂದಾಜು ಪಟ್ಟಿ ಇನ್ನೂ ಉಪವಿಭಾಗದಲ್ಲೇ ಇದ್ದುದರಿಂದ ಸಹಾಯಕ ಇಂಜಿನಿಯರ್ ಮತ್ತೊಮ್ಮೆ ಸ್ಥಳ ನೋಡಿ, ಏಳನೆಯ ಅಡ್ಡರಸ್ತೆಯಲ್ಲಿ ಸುಸ್ಥಿತಿಯಲ್ಲಿದ್ದ ಭಾಗವನ್ನು ಕಡಿಮೆ ಮಾಡಿ, ಅಷ್ಟೇ ಮೊತ್ತದೊಳಗೆ ಐದನೆಯದನ್ನು ಸೇರಿಸಲು ಒಪ್ಪಿದರು. ಕಾರ್ಯಾದೇಶ ಹೊರಟ ಮೇಲೆ ಇದೇ ಕೋರಿಕೆ ಬಂದಿದ್ದರೆ ಅದು ಹೆಚ್ಚುವರಿ ಕಾಮಗಾರಿಯ ಪ್ರಸ್ತಾವವಾಗಿ, ಕಾರಣ ಬರೆದು, ಮೇಲಿನವರ ಒಪ್ಪಿಗೆ ಪಡೆದು, ಲೆಕ್ಕ ತಪಾಸಣೆಯವರ ಆಕ್ಷೇಪಣೆಗೂ ಉತ್ತರ ಕೊಡಬೇಕಾಗುತ್ತಿತ್ತು. ಆ ತೊಂದರೆಗೆ ಯಾವ ಇಂಜಿನಿಯರೂ ಸುಲಭವಾಗಿ ಕೈ ಹಾಕುವುದಿಲ್ಲ, ನಾನಾಗಿದ್ದರೂ ಹಾಕುತ್ತಿರಲಿಲ್ಲ. ಅಂದರೆ ಕ್ರಿಯಾ ಯೋಜನೆಯ ಹಂತದಲ್ಲಿ ಕೆಲಸವನ್ನೇ ಕೇಳಬಹುದು, ಅಂದಾಜಿನ ಹಂತದಲ್ಲಿ ಜಾಗ ಮತ್ತು ಅಳತೆಯನ್ನು ಕೇಳಬಹುದು, ಟೆಂಡರ್ ಆದ ಮೇಲೆ ವೇಗವನ್ನೂ ಗುಣಮಟ್ಟವನ್ನೂ ಮಾತ್ರ ಕೇಳಬಹುದು. ಟೆಂಡರ್ ಆದ ಮೇಲೆ ಜಾಗ ಬದಲಿಸಿ ಎಂದು ಮನವಿ ಕೊಡುವ ಸಂಘಗಳೂ, ಅಂದಾಜೇ ಆಗದಿರುವಾಗ ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸಿ ಎಂದು ಮನವಿ ಕೊಡುವ ಸಂಘಗಳೂ ನನಗೆ ಸಾಕಷ್ಟು ಪರಿಚಯ.

ಗುದ್ದಲಿ ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ಭೂಮಿಯನ್ನು ಅಗೆಯುವ ಮುನ್ನ ಕೈಮುಗಿಯುವುದು ಒಳ್ಳೆಯ ಪದ್ಧತಿಯೇ. ಆದರೆ ಪೂಜೆ ಕಡತದ ಒಂದು ಹಂತವಲ್ಲ, ಅದಕ್ಕೆ ಟಿಪ್ಪಣಿಯೂ ಇಲ್ಲ, ಸಹಿಯೂ ಇಲ್ಲ. ಕಾರ್ಯಾದೇಶಕ್ಕೆ ಮೊದಲೂ ಪೂಜೆ ನಡೆಯಬಹುದು, ನಡೆಯುತ್ತಲೂ ಇರುತ್ತದೆ, ಚುನಾವಣೆ ಹತ್ತಿರ ಬಂದಾಗಲಂತೂ ವಿಶೇಷವಾಗಿ. ಅದಕ್ಕೊಂದು ಕಾರಣವಿದೆ. ಮಾದರಿ ನೀತಿ ಸಂಹಿತೆ ಜಾರಿಯಾದ ಮೇಲೆ ಹೊಸ ಕೆಲಸ ಆರಂಭಿಸುವಂತಿಲ್ಲ. ಕಾರ್ಯಾದೇಶ ಮೊದಲೇ ಹೊರಟಿದ್ದರೂ ಸ್ಥಳದಲ್ಲಿ ಕೆಲಸ ನಿಜವಾಗಿ ಶುರುವಾಗಿರದಿದ್ದರೆ ಅದೂ ನಿಲ್ಲಬೇಕು, ನಡೆಯುತ್ತಿರುವ ಕೆಲಸ ಮಾತ್ರ ಮುಂದುವರಿಯಬಹುದು. ಹೀಗಾಗಿ ಸಂಹಿತೆ ಬರುವ ಮೊದಲು ಎಲ್ಲರಿಗೂ ಅವಸರ. ಒಂದು ಲೋಡ್ ಜಲ್ಲಿ ತಂದು ರಸ್ತೆ ಬದಿಗೆ ಸುರಿದರೆ ಕೆಲಸ ಶುರುವಾದಂತೆ ಆಗುತ್ತದೆಯೇ ಎಂಬ ಪ್ರಶ್ನೆಗೆ ನಾನು ಸಾಮಾನ್ಯ ಉತ್ತರ ಕೊಡಲಾರೆ. ಅದು ಆಯಾ ಪ್ರಕರಣದ ದಾಖಲೆಯ ಮೇಲೆ ಚುನಾವಣಾಧಿಕಾರಿಗಳು ತೀರ್ಮಾನಿಸುವ ವಿಷಯ.

ಕಾರ್ಯಾದೇಶ ಆದ ಮೇಲೂ ಕೆಲಸ ನಿಲ್ಲಲು ಕಾರಣಗಳಿವೆ, ಅವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗುತ್ತಿಗೆದಾರರ ಹಳೆಯ ಬಿಲ್ಲುಗಳು ದೀರ್ಘಕಾಲ ಬಾಕಿ ಉಳಿಯುವುದು ಈ ಊರಿನಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಹಿಂದಿನ ಕೆಲಸದ ಹಣ ಕೈಸೇರದವನು ಹೊಸ ಕೆಲಸಕ್ಕೆ ಆಳು ಇಳಿಸಲು ಹಿಂದೇಟು ಹಾಕುತ್ತಾನೆ. ಇನ್ನೊಂದು, ಬೇರೆ ಸಂಸ್ಥೆಗಳ ಕೆಲಸ. ಒಳಚರಂಡಿ ಮತ್ತು ನೀರಿನ ಕೊಳವೆ ಜಲಮಂಡಳಿಯವು, ವಿದ್ಯುತ್ ಕೇಬಲ್ ಬೆಸ್ಕಾಂನದು, ರಸ್ತೆ ಬದಿಯ ಮಳೆನೀರು ಚರಂಡಿ ಪಾಲಿಕೆಯದು. ಮ್ಯಾನ್‌ಹೋಲ್ ಉಕ್ಕಿ ಹರಿಯುತ್ತಿದೆಯೆಂದು ಪಾಲಿಕೆಗೆ ಬರೆದ ಮನವಿ ತಪ್ಪು ವಿಳಾಸಕ್ಕೆ ಹೋದ ಮನವಿ, ಜಲಮಂಡಳಿಯ 1916ಕ್ಕೆ ಕರೆ ಮಾಡಿದರೆ ದೂರಿನ ಸಂಖ್ಯೆಯಾದರೂ ಸಿಗುತ್ತದೆ. ಜಲಮಂಡಳಿ ಕೊಳವೆ ಹಾಕುವುದು ಬಾಕಿ ಇರುವ ರಸ್ತೆಗೆ ಮೊದಲೇ ಡಾಂಬರು ಬಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಹಂತವನ್ನು ತಿಳಿಯುವುದು ಹೇಗೆ ಎಂದರೆ, ಮೊದಲು ವಾರ್ಡಿನ ಇಂಜಿನಿಯರನ್ನು ಹೋಗಿ ಕೇಳಿ. ಜಗಳದ ದನಿಯಲ್ಲಿ ಅಲ್ಲದೆ ಕೇಳಿದರೆ ಬಹಳಷ್ಟು ಮಂದಿ ಹೇಳುತ್ತಾರೆ, ಅವರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ವಾರ್ಡುಗಳ ಕೆಲಸ ಇರುತ್ತದೆಂಬುದು ನೆನಪಿರಲಿ. ಟೆಂಡರ್ ಕರೆದಿದ್ದರೆ ರಾಜ್ಯದ ಸಂಗ್ರಹಣಾ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಯಾವುದೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಇಲ್ಲಿಯೂ ನಮ್ಮ ಸಂಘಗಳು ಎಡವುತ್ತವೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ 150 ಪದಗಳೊಳಗೆ. ಬಡಾವಣೆ ಹುಟ್ಟಿದಂದಿನಿಂದ ಆದ ಅನ್ಯಾಯಗಳ ಇತಿಹಾಸವನ್ನೆಲ್ಲ ನಾಲ್ಕು ಪುಟ ಬರೆದು ಕೊನೆಯಲ್ಲಿ "ಇದಕ್ಕೆ ಯಾರು ಹೊಣೆ?" ಎಂದು ಕೇಳಿದರೆ, ಆ ಅರ್ಜಿಯನ್ನು ತಿರಸ್ಕರಿಸಲು ಅಧಿಕಾರಿಗೆ ನೀವೇ ಕಾರಣ ಬರೆದುಕೊಟ್ಟಂತೆ. ಇಂತಹ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಕರಾರಿನ ಪ್ರತಿ ಕೊಡಿ ಎಂದಷ್ಟೇ ಕೇಳಬೇಕು. ಕಾರ್ಯಾದೇಶ ಹೊರಟಿಲ್ಲವೆಂಬ ಉತ್ತರ ಬಂದರೆ ಅದೂ ನಿಮಗೆ ಬೇಕಾಗಿದ್ದ ಮಾಹಿತಿಯೇ.

ಕಾರ್ಯಾದೇಶದ ಪ್ರತಿ ಕೈಗೆ ಬಂದಾಗ ಅದರಲ್ಲಿ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ಕೆಲಸ ಮುಗಿಸಬೇಕಾದ ಅವಧಿ, ಗುತ್ತಿಗೆದಾರರ ಹೆಸರು, ಮತ್ತು ದೋಷ ಹೊಣೆಗಾರಿಕೆಯ ಅವಧಿ. ಮೂರನೆಯದು ಕೆಲವೊಮ್ಮೆ ಕಾರ್ಯಾದೇಶದಲ್ಲಿ ಇರದೆ ಕರಾರಿನಲ್ಲಿ ಮಾತ್ರ ಇರುತ್ತದೆ, ಅದಕ್ಕೇ ಎರಡನ್ನೂ ಕೇಳಿ ಎಂದದ್ದು. ಕೆಲಸ ನಡೆಯುವಾಗ ಚರಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿದ ದಿನ, ಚಪ್ಪಡಿ ಮುಚ್ಚುವ ಮೊದಲು, ಟೇಪ್ ಹಿಡಿದು ಅಳತೆ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದ ಅಂಕಿಯ ಮೇಲೆಯೇ ಬಿಲ್ಲು ಆಗುತ್ತದೆ, ಚಪ್ಪಡಿ ಮುಚ್ಚಿದ ಮೇಲೆ ಆ ಅಂಕಿಯನ್ನು ಬೀದಿಯಲ್ಲಿ ನಿಂತು ಪರೀಕ್ಷಿಸಲು ಆಗುವುದಿಲ್ಲ. ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಅವಕಾಶ ಕೊಡುತ್ತದೆ, ಆದರೆ ಅದಕ್ಕೂ ಅರ್ಜಿ ಕೊಟ್ಟೇ ಹೋಗಬೇಕು, ಮೇಸ್ತ್ರಿಯ ಕೈಯಿಂದ ಕರಣೆ ಕಿತ್ತುಕೊಳ್ಳಲು ಅದು ಪರವಾನಗಿಯಲ್ಲ. ಕೆಲಸ ಮುಗಿದ ದಿನಾಂಕವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಹೊಣೆಗಾರಿಕೆಯ ಅವಧಿಯೊಳಗೆ ಚಪ್ಪಡಿ ಕುಸಿದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು, ಅದಕ್ಕೆ ಹೊಸ ಅನುದಾನವೂ ಬೇಡ, ಹೊಸ ಮನವಿಯೊಂದಿಗೆ ಮೇಯರ್ ಕಚೇರಿಗೆ ಹೋಗುವುದೂ ಬೇಡ. ಕಾರ್ಯಪಾಲಕ ಇಂಜಿನಿಯರಿಗೆ ಕರಾರಿನ ಸಂಖ್ಯೆ ನಮೂದಿಸಿ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.