‘ಮೇಡಂ, 22ನೇ ದಿನ ಮಲಗಿಬಿಟ್ಟೆ’

ಪ್ರಶ್ನೆ: ಮೇಡಂ, 21 ದಿನ ಬಿಡದೆ ಮಾಡಿದರೆ ಯಾವ ಕೆಲಸವಾದರೂ ಅಭ್ಯಾಸ ಆಗುತ್ತದೆ ಅಂತಾರೆ. ನಾನು ಮುಂಜಾನೆ 4 ಗಂಟೆಗೆ ಎದ್ದು 21 ದಿನ ಓದಿದೆ. 22ನೇ ದಿನ ಮಲಗಿಬಿಟ್ಟೆ. ಮತ್ತೆ ಒಂದನೇ ದಿನದಿಂದ ಶುರು ಮಾಡಿದೆ, ಆರನೇ ದಿನ ತಪ್ಪಿತು. ಈಗ ನಾಲ್ಕನೇ ಸಲ ಶುರು ಮಾಡಿದ್ದೇನೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ, ಅದೂ ಗಣಿತದ ಮೇಡಂ ಆಗಿ. ಗಂಗಾವತಿಯಿಂದ ಬರುತ್ತದೆ, ಲಿಂಗಸುಗೂರಿನಿಂದ ಬರುತ್ತದೆ, ನಮ್ಮ ಸಿಂಧನೂರಿನಿಂದಂತೂ ಕೇಳಲೇಬೇಡಿ. ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು, ಕಿರಾಣಿ ಅಂಗಡಿ ಇಟ್ಟವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು, ಎಲ್ಲರಿಗೂ ಆ 21 ಅಂಟಿಕೊಂಡಿದೆ. ಮೊನ್ನೆ ಒಂದು ಮದುವೆಯಲ್ಲಿ ಹೋಳಿಗೆ ಮುರಿಯುತ್ತಿದ್ದಾಗಲೂ ಒಬ್ಬರು ಪಕ್ಕದ ಎಲೆಯಿಂದ ಇದನ್ನೇ ಕೇಳಿದರು. ತುಪ್ಪ ಆರಿಹೋಯಿತು. ಹಾಗಾಗಿ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಕೊರತೆ ನಿಮ್ಮಲ್ಲಿಲ್ಲ, ಆ 21ರಲ್ಲಿದೆ. ಅದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. 1960ರಲ್ಲಿ ಒಂದು ಪುಸ್ತಕ ಬರೆದ. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಅನ್ನೋದು ಆತ ತನ್ನ ರೋಗಿಗಳಲ್ಲಿ ಕಂಡದ್ದು. ಕೈಯೋ ಕಾಲೋ ಕತ್ತರಿಸಿದವರಿಗೂ ಅದು ಇನ್ನೂ ಅಲ್ಲೇ ಇದೆ ಅನ್ನಿಸೋದು ಸುಮಾರು ಅಷ್ಟು ದಿನ ಇರುತ್ತದೆ ಅಂತಲೂ ಬರೆದ. ಅದರಲ್ಲಿ ‘ಕನಿಷ್ಠ’ ಅಂತ ಒಂದು ಪದ ಇದೆ, ‘ಸುಮಾರು’ ಅಂತ ಇನ್ನೊಂದು. ಬಾಯಿಂದ ಬಾಯಿಗೆ ಬರುತ್ತಾ ಬರುತ್ತಾ ಎರಡೂ ದಾರಿಯಲ್ಲೇ ಬಿದ್ದುಹೋದವು. ನಮ್ಮ ಕೈಗೆ ಬರೀ 21 ಸಿಕ್ಕಿತು. ಪರೀಕ್ಷೆಯಲ್ಲಿ ‘ಕನಿಷ್ಠ’ ಅನ್ನೋ ಪದ ನೋಡದೆ ಲೆಕ್ಕ ಬಿಡಿಸಿದವರಿಗೆ ನಾನು ಸೊನ್ನೆ ಕೊಡುತ್ತೇನೆ, ನನ್ನ ಹತ್ತನೇ ತರಗತಿಯವರನ್ನು ಬೇಕಾದರೆ ಕೇಳಿ.

ಹೋಗಲಿ, ಹೊಸ ಮೂಗು ಒಗ್ಗೋದಕ್ಕೂ ಮುಂಜಾನೆ ಎದ್ದು ಸಂವಿಧಾನದ ವಿಧಿಗಳನ್ನು ಓದೋದಕ್ಕೂ ಏನು ಸಂಬಂಧ? ಮೂಗು ನೀವು ಎದ್ದರೂ ಮುಖದ ಮೇಲೆ ಇರುತ್ತದೆ, ಮಲಗಿದರೂ ಇರುತ್ತದೆ. ಪುಸ್ತಕ ತಾನಾಗಿ ಬಂದು ಎದೆ ಮೇಲೆ ಕೂರೋದಿಲ್ಲ.

ಇಷ್ಟು ಹೇಳಿದ ಮೇಲೂ ‘ಆದರೂ ಮೇಡಂ, 21 ದಿನಕ್ಕೆ ಏನೋ ಒಂದು ಶಕ್ತಿ ಇದೆ’ ಅನ್ನುವವರಿದ್ದಾರೆ. ಅವರಿಗೆ ಅಮೆರಿಕ ಬೇಡ, ನಮ್ಮ ಓಣಿಯನ್ನೇ ತೋರಿಸುತ್ತೇನೆ. ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿದ್ದೀರಲ್ಲ. 41 ದಿನದ ವ್ರತ. ಹೆಂಡ ಇಲ್ಲ, ಬೀಡಿ ಇಲ್ಲ, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ, ಬರಿಗಾಲು, ಚಳಿಯಲ್ಲಿ ತಣ್ಣೀರು ಸ್ನಾನ. 21ರ ಹತ್ತಿರ ಹತ್ತಿರ ಎರಡರಷ್ಟು. ಆ ಲೆಕ್ಕದಲ್ಲಿ ಶಬರಿಮಲೆಯಿಂದ ಬಂದವರೆಲ್ಲ ಜೀವಮಾನವಿಡೀ ಹಾಗೇ ಇರಬೇಕಿತ್ತು, ಅಲ್ವಾ? ಕೆಲವರು ಇರುತ್ತಾರೆ, ಅವರಿಗೆ ಕೈ ಮುಗಿಯುತ್ತೇನೆ. ಇನ್ನು ಕೆಲವರು ಮಾಲೆ ತೆಗೆದ ಸಂಜೆಯೇ ಎಲ್ಲಿ ಸಿಗುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಶ್ರಾವಣವೂ ಹಾಗೇ. ತಿಂಗಳು ಪೂರ್ತಿ ಮಾಂಸ ಮುಟ್ಟದವರು ಅಮಾವಾಸ್ಯೆ ದಾಟಿದ ಮರುದಿನ ಮಟನ್ ಅಂಗಡಿ ಮುಂದೆ ಡಬ್ಬಿ ಹಿಡಿದು ಸಾಲಾಗಿ ನಿಂತಿರುತ್ತಾರೆ.

ವ್ರತವನ್ನು ನಾನು ಹಗುರ ಮಾಡುತ್ತಿಲ್ಲ. ಅದರ ಉದ್ದೇಶವೇ ಬೇರೆ. ಆದರೆ ಅದರಲ್ಲಿ ಒಂದು ಪಾಠ ಇದೆ, ಯಾರೂ ನೋಡೋದಿಲ್ಲ. ಆ 41 ದಿನ ಅವರನ್ನು ಹಿಡಿದಿಟ್ಟದ್ದು ದಿನಗಳ ಎಣಿಕೆ ಅಲ್ಲ. ಕೊರಳಲ್ಲಿ ಮಾಲೆ ಇತ್ತು, ಮೈಮೇಲೆ ಕಪ್ಪು ಬಟ್ಟೆ ಇತ್ತು, ಹೋದಲ್ಲೆಲ್ಲ ಜನ ‘ಸ್ವಾಮಿ’ ಅನ್ನುತ್ತಿದ್ದರು, ಸಂಜೆಯಾದರೆ ಭಜನೆಗೆ ಕರೆಯುತ್ತಿದ್ದರು. ‘ನೀನು ಈಗ ಇದನ್ನು ಮಾಡಬೇಕು’ ಅಂತ ಸುತ್ತಲಿನ ಎಲ್ಲವೂ ನೆನಪಿಸುತ್ತಿತ್ತು. ಮಾಲೆ ಇಳಿಯಿತು, ನೆನಪಿಸುವವರು ಯಾರೂ ಉಳಿಯಲಿಲ್ಲ, ಹಳೇ ಗೆಳೆಯರು ಮತ್ತು ಹಳೇ ಕಟ್ಟೆ ಮಾತ್ರ ಉಳಿದವು. ಅಭ್ಯಾಸ ಅನ್ನೋದು ದಿನಕ್ಕಿಂತ ಜಾಸ್ತಿ ಜಾಗಕ್ಕೆ, ಹೊತ್ತಿಗೆ, ಪಕ್ಕದಲ್ಲಿ ಕೂತವರಿಗೆ ಅಂಟಿಕೊಂಡಿರುತ್ತದೆ.

ಇನ್ನು ಸಂಶೋಧನೆ ಬೇಕು ಅನ್ನುವವರಿಗೆ ಅದೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 84 ದಿನ ಗಮನಿಸಿದರು. ಫಲಿತಾಂಶ ಬಂದದ್ದು 2009ರಲ್ಲಿ. ಒಬ್ಬೊಬ್ಬರೂ ತಮಗೆ ಬೇಕಾದ ಒಂದು ಕೆಲಸ ಆರಿಸಿಕೊಂಡಿದ್ದರು, ಊಟದ ಜೊತೆ ನೀರು ಕುಡಿಯೋದು, ಹಣ್ಣು ತಿನ್ನೋದು, ವ್ಯಾಯಾಮ, ಹೀಗೆ. ಅದು ಯೋಚನೆ ಮಾಡದೆ ತಾನಾಗೇ ಆಗುವ ಹಂತಕ್ಕೆ ಬರಲು ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ಮಧ್ಯದ ಅಂಕಿ 66. ನೀರು ಕುಡಿಯೋದು ಬೇಗ ಕೂತಿತು, ವ್ಯಾಯಾಮ ತಡವಾಯಿತು. ಆಗಲೇಬೇಕಲ್ಲ.

ತಡೀರಿ, 84 ದಿನ ಗಮನಿಸಿ 254 ಹೇಗೆ ಬಂತು ಅಂತ ನೀವು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು, ಅವತ್ತು ಇಡೀ ದಿನ ನಾನು ಖುಷಿಯಾಗಿದ್ದೆ. 84 ದಿನದ ಅಂಕಿಗಳ ಮೇಲೆ ಒಂದು ವಕ್ರರೇಖೆ ಎಳೆದು, ಅದು ಮುಂದೆ ಎಲ್ಲಿ ಸಮತಟ್ಟಾಗುತ್ತದೆ ಅಂತ ಅಂದಾಜು ಮಾಡಿದರು. ಅದೂ 39 ಜನರ ಅಂಕಿಗಳಿಗೆ ಮಾತ್ರ ಆ ರೇಖೆ ಚೆನ್ನಾಗಿ ಹೊಂದಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 21ನ್ನು ಕಿತ್ತು ಬಿಸಾಡಿದ ಜಾಗದಲ್ಲಿ ಈಗ 66ನ್ನು ತಂದು ಕೂರಿಸುತ್ತಿದ್ದಾರೆ. ‘66 ದಿನದ ಚಾಲೆಂಜ್’ ಅಂತೆ. ಅಯ್ಯೋ! ಆ ಅಧ್ಯಯನ ಹೇಳಿದ್ದೇ ಎಲ್ಲರಿಗೂ ಒಂದೇ ಅಂಕಿ ಇಲ್ಲ ಅಂತ. ಒಂದು ದೆವ್ವ ಬಿಡಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆತಂದ ಹಾಗಾಯಿತು.

ಅದೇ ಅಧ್ಯಯನದಲ್ಲಿ ನಿಮಗೆ ಬೇಕಾದ ಮಾತು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಂಥ ದೊಡ್ಡ ನಷ್ಟ ಏನೂ ಆಗಲಿಲ್ಲ. ಮರುದಿನ ಮುಂದುವರಿಸಿದವರು ಹೆಚ್ಚು ಕಡಿಮೆ ಅಲ್ಲಿಂದಲೇ ಮುಂದುವರಿದರು. ಅಂದರೆ ನೀವು ಒಂದು ದಿನ ಮಲಗಿದ್ದಕ್ಕೆ 21 ದಿನದ ಗಳಿಕೆಯನ್ನೆಲ್ಲ ಅಳಿಸಿ, ಮತ್ತೆ ಒಂದನೇ ದಿನ ಅಂತ ಗೋಡೆ ಮೇಲೆ ಬರೆದುಕೊಂಡಿರಲ್ಲ, ಅದು ನಿಮಗೆ ನೀವೇ ಹಾಕಿಕೊಂಡ ದಂಡ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಹರಿದು ಕೊಚ್ಚಿಹೋಯಿತಲ್ಲ. ಎಷ್ಟು ಹೆದರಿದ್ದೆವು ಆಗ. ಆದರೆ 33 ಗೇಟುಗಳಲ್ಲಿ ಒಂದು ಹೋಯಿತು ಅಂತ ಯಾರೂ ಡ್ಯಾಮನ್ನೇ ಬಿಟ್ಟು ಮನೆಗೆ ಹೋಗಲಿಲ್ಲ. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಅಡ್ಡತಡೆ, ಇಳಿಸಿದರು. ಅದೇ ಮಳೆಗಾಲದಲ್ಲಿ ಡ್ಯಾಮ್ ಮತ್ತೆ ತುಂಬಿತು. ನೀವು ಮಾಡಬೇಕಾದ್ದೂ ಇಷ್ಟೇ, ತೂತು ಬೇಗ ಮುಚ್ಚಿ. 22ನೇ ದಿನ ತಪ್ಪಿತಾ, 23ನೇ ದಿನ ಕೂತುಕೊಳ್ಳಿ. ನಿಮ್ಮ ಲೆಕ್ಕದಲ್ಲೇ ಮೊದಲ ಎರಡು ಸುತ್ತಿನಲ್ಲಿ 26 ದಿನ ಓದಿದ್ದೀರಿ. ಅದು ಎಲ್ಲಿಗೂ ಹೋಗಿಲ್ಲ.

ಈಗ 4 ಗಂಟೆಯ ವಿಷಯ. ಯಾಕೆ 4? ಯಾರು ಹೇಳಿದರು? ಏಪ್ರಿಲ್, ಮೇ ತಿಂಗಳಲ್ಲಿ ನಾನೇ ಹೇಳುತ್ತೇನೆ, ಬೇಗ ಏಳಿ ಅಂತ, ಯಾಕೆಂದರೆ ರಾಯಚೂರಿನ ಬಿಸಿಲಲ್ಲಿ ತಲೆ ತಣ್ಣಗೆ ಕೆಲಸ ಮಾಡೋದು ಆ ಹೊತ್ತಲ್ಲಿ ಮಾತ್ರ. ಆದರೆ ರಾತ್ರಿ 12ರವರೆಗೆ ಮಾಳಿಗೆ ಮೇಲೆ ಸೆಕೆಗೆ ಹೊರಳಾಡಿ 4ಕ್ಕೆ ಎದ್ದರೆ ಅದು ಓದಲ್ಲ, ತೂಕಡಿಕೆ. ನಿದ್ದೆ ಕದ್ದು ಬುದ್ಧಿ ಬೆಳೆಸೋಕಾಗಲ್ಲ. ಗಡಿಯಾರ ನೋಡಬೇಡಿ, ಸರದಿ ನೋಡಿ.

ಸರದಿ ಅಂದರೆ, ಕಾಲುವೆ ನೀರಿನ ಸರದಿ, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಗಂಗಾವತಿ ಕಡೆಯವರು ಭತ್ತ ನಾಟಿ ಮಾಡಿ ಮುಗಿಸಿರುತ್ತಾರೆ, ಇತ್ತ ಕೆಳಭಾಗದ ಮಾನ್ವಿ, ಸಿರವಾರ ಕಡೆಯವರು ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ನೋಡುತ್ತಾ ಕೂತಿರುತ್ತಾರೆ, ಎಷ್ಟು ಅಡಿ ಬಂತು, ಎಷ್ಟು ಅಡಿ ಬಂತು ಅಂತ. ಡ್ಯಾಮಿನಲ್ಲಿ ನೀರು ಇಲ್ಲ ಅಂತಲ್ಲ, ದಾರಿಯಲ್ಲೇ ಮುಗಿದುಹೋಗುತ್ತದೆ. ನಿಮ್ಮ ದಿನವೂ ಹಾಗೇ. ಆಫೀಸು, ಸಂತೆ, ಫೋನು, ಕಟ್ಟೆ ಮೇಲೆ ಮಿರ್ಚಿ ಮಂಡಾಳು, ಎಲ್ಲ ಮುಗಿದ ಮೇಲೆ ಉಳಿದ ಹೊತ್ತಲ್ಲಿ ಓದುತ್ತೇನೆ ಅಂದರೆ ಅದು ಕೊನೇ ಭಾಗದ ಹೊಲ. ಅದಕ್ಕೆ ನೀರು ಬರೋದು ಪುಣ್ಯ ಇದ್ದರೆ ಮಾತ್ರ. ಬೆಳೆಸಬೇಕು ಅಂತಿರುವ ಕೆಲಸವನ್ನು ಕಾಲುವೆಯ ತಲೆಗೆ ತನ್ನಿ. ತಲೆ ಅಂದರೆ ಮುಂಜಾನೆಯೇ ಆಗಬೇಕಿಲ್ಲ. ನೈಟ್ ಶಿಫ್ಟ್ ಮಾಡುವವರಿಗೆ ಮಧ್ಯಾಹ್ನ 3 ಗಂಟೆ ತಲೆ ಆಗಬಹುದು.

ನಂದೇ ಒಂದು ಉದಾಹರಣೆ. ನಮ್ಮ ಶಾಲೆಗೆ ಸುತ್ತಲಿನ ಕ್ಯಾಂಪುಗಳಿಂದ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಂದ, ಮಕ್ಕಳು ಬರುತ್ತಾರೆ, ಮನೆಮಾತು ತೆಲುಗು. ಅಪ್ಪ ಅಮ್ಮಂದಿರ ಜೊತೆ ಮಾತಾಡುವಷ್ಟು ತೆಲುಗು ನನಗೆ ಬರುತ್ತಿತ್ತು, ಓದೋಕೆ ಬರುತ್ತಿರಲಿಲ್ಲ. ಲಿಪಿ ನಮ್ಮದರ ಅಕ್ಕತಂಗಿ, ಒಂದು ವಾರದಲ್ಲಿ ಕಲಿಯುತ್ತೇನೆ ಅಂತ ಜಂಬ. ಒಂದು ವಾರ ಅಲ್ಲ, ಐದು ತಿಂಗಳು ಹಿಡಿಯಿತು, ಯಾರೂ ಹೇಳದೆ ನನ್ನ ಕೈ ತಾನಾಗೇ ತೆಲುಗು ಪೇಪರ್ ಕಡೆ ಹೋಗೋದಕ್ಕೆ. ಸಂಜೆ ಚಾ ಲೋಟ ಕೈಗೆ ಬಂತು ಅಂದರೆ ಅರ್ಧ ಪುಟ. ಅಷ್ಟೇ. ಚಾ ನನ್ನ ಮಾಲೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಹನ್ನೊಂದು ದಿನ ಪೂರ್ತಿ ತಪ್ಪಿತು. ಬಂದ ಸಂಜೆ ಚಾ ಮಾಡಿದೆ, ಪೇಪರ್ ತೆಗೆದೆ.

ಹಾಗಾಗಿ ದಿನ ಎಣಿಸೋದು ಬಿಟ್ಟು ಗಂಟು ಹಾಕೋದು ಕಲಿಯಿರಿ. ಈಗಾಗಲೇ ದಿನಾ ತಪ್ಪದೆ ಮಾಡುವ ಕೆಲಸ ಒಂದಿರುತ್ತದೆ, ಚಾ, ಸ್ನಾನ, ಹಾಲು ತರೋದು, ಬಸ್ಸು ಕಾಯೋದು. ಅದರ ಬಾಲಕ್ಕೆ ಹೊಸದನ್ನು ಕಟ್ಟಿ. ಶುರುವಿಗೆ ನಾಚಿಕೆ ಆಗುವಷ್ಟು ಚಿಕ್ಕದಾಗಿ ಕಟ್ಟಿ. ನಾವು ಆರಂಭಶೂರರು, ಮೊದಲ ದಿನವೇ ಐದು ಗಂಟೆ ಓದುತ್ತೇವೆ, ಏಳನೇ ದಿನ ಬೆನ್ನು ಹಿಡಿದುಕೊಳ್ಳುತ್ತದೆ. ಓದಿದ್ದನ್ನು ಮರುದಿನ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ತಿರುಗಿ ನೋಡಿ. ಎಬ್ಬಿಂಗ್‌ಹೌಸ್ ಅಂತ ಜರ್ಮನಿಯವನು ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ 1885ರಲ್ಲೇ ತೋರಿಸಿದ್ದಾನೆ. ಮರೆವು ದಡ್ಡತನ ಅಲ್ಲ. ಇನ್ನು ಸಾವಿರಾರು ರೂಪಾಯಿ ಕೊಟ್ಟು ವ್ಯಕ್ತಿತ್ವ ವಿಕಸನದ ಕೋರ್ಸ್ ಸೇರಬೇಕಾ ಅಂತ ಕೇಳಬೇಡಿ. ಪಂಚಾಯ್ತಿ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತ ಹೊಸ ಬೋರ್ಡ್ ಬಿದ್ದಿದೆ, ಮೊದಲು ಅಲ್ಲಿ ಹೋಗಿ ಕೂತು ನೋಡಿ.

ಇಷ್ಟು ಬರೆದ ಮೇಲೆ ಒಂದು ಮಾತು ತಲೆಗೆ ಬಂತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಪ್ರಶ್ನೆ ನನಗೆ ಬರೋದು ಹತ್ತಿರ ಹತ್ತಿರ ಎಲ್ಲ ಗಂಡಸರಿಂದಲೇ. 4 ಗಂಟೆಗೆ ಏಳೋದು ದೊಡ್ಡ ಸಾಧನೆ ಅಂತ ಬರೆಯುತ್ತಾರೆ. ಅದೇ ಮನೆಯಲ್ಲಿ ಯಾರೋ ಒಬ್ಬರು ವರ್ಷಗಳಿಂದ 4 ಗಂಟೆಗೇ ಎದ್ದು ನೀರು ಹಿಡಿದು, ಕಸ ಹೊಡೆದು, ಒಲೆ ಹಚ್ಚುತ್ತಿರುತ್ತಾರೆ. ಅವರಿಗೆ ಯಾರೂ ಚಾಲೆಂಜ್ ಅಂತ ಹೆಸರಿಟ್ಟಿಲ್ಲ. ಮನೆ ಒಂದು ಕಾಲುವೆ ಅಂದರೆ ಅವರ ಹೊಲ 104ನೇ ಮೈಲಿಗಿಂತಲೂ ಕೆಳಗೆ. ನೀವು ಓದಲು ಕೂತಾಗ ಚಾ ತಂದಿಟ್ಟವರು ಯಾರು, ಅವರಿಗೆ ದಿನದಲ್ಲಿ ಒಂದು ಅರ್ಧ ಗಂಟೆಯ ಸರದಿ ಯಾವಾಗ ಬರುತ್ತದೆ, ಇದನ್ನೂ ಆ ಗೋಡೆ ಮೇಲಿನ ಚಾರ್ಟಿನಲ್ಲಿ ಒಂದು ಸಾಲು ಬರೆಯಬಹುದಿತ್ತು.

ನಮ್ಮ ಪಕ್ಕದ ಮನೆಯಾಕೆ ರೊಟ್ಟಿ ಬಡಿದು ಮಾರುತ್ತಾಳೆ. ಜೋಳದ್ದು, ಸಜ್ಜೆಯದು, ದಿನಕ್ಕೆ ನೂರಕ್ಕೂ ಜಾಸ್ತಿ. ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ. ಮಧ್ಯಾಹ್ನ 3ಕ್ಕೆ ಹಂಚು ಇಳಿಸಿ ಕೈ ತೊಳೆದ ಮೇಲೆ, ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವತ್ತಿನ ಲೆಕ್ಕ ಬರೆಯೋದು ಶುರು ಮಾಡಿದಳು. ಹಿಟ್ಟು ಎಷ್ಟು, ಗ್ಯಾಸ್ ಎಷ್ಟು, ಯಾರಿಂದ ಬಾಕಿ ಎಷ್ಟು. ಎಷ್ಟು ದಿನ ಆಯಿತು ಅಂತ ನಾನು ಕೇಳಿದರೆ ಅವಳಿಗೆ ಗೊತ್ತಿಲ್ಲ, ಹೋದ ದೀಪಾವಳಿ ಆದ ಮೇಲೆ ಅಂದಳು. ಮೊನ್ನೆ ತಿಂಗಳ ರೊಟ್ಟಿ ದುಡ್ಡು ಕೊಡಲು ಹೋದೆ. ಮನಸ್ಸಲ್ಲೇ ಕೂಡಿಸಿ ಕೊಟ್ಟಿದ್ದೆ, ಗಣಿತದ ಮೇಡಂ ಅಲ್ವಾ. ಅವಳು ನೋಟ್‌ಬುಕ್ ತೆಗೆದು ಬೆರಳಿಟ್ಟು ತೋರಿಸಿದಳು, ‘ಮೇಡಂ, ನಲವತ್ತು ರೂಪಾಯಿ ಕಮ್ಮಿ ಬಂತು ನೋಡ್ರಿ.’