ಸೈನಸ್ ಸಿಟಿ ರಿಪೋರ್ಟ್‌ನಲ್ಲಿ ಒನೋಡಿ ಸೆಲ್, ಕೆರೋಸ್ ಟೈಪ್ 3 ಅಂತ ಬರ್ದಿದೆ, ಇದೇನು ಕಾಯಿಲೆನಾ?

ಪ್ರಶ್ನೆ: ಸರ್, ಸೈನಸ್ ಆಪರೇಷನ್‌ಗೆ ಮುಂಚೆ ಸಿಟಿ ಸ್ಕ್ಯಾನ್ ಮಾಡ್ಸಿದ್ವಿ. ರಿಪೋರ್ಟ್‌ನಲ್ಲಿ ಕೊಂಕಾ ಬುಲ್ಲೋಸಾ, ಎಡಗಡೆ ಒನೋಡಿ ಸೆಲ್, ಕೆರೋಸ್ ಟೈಪ್ 3 ಅಂತೆಲ್ಲ ಇದೆ. ಇಷ್ಟೊಂದು ಕಾಯಿಲೆ ಇದ್ಯಾ ನಂಗೆ?

ಉತ್ತರ: ಮೊದ್ಲು ಸಮಾಧಾನ ಮಾಡ್ಕೊಳಿ, ಈ ಮೂರರಲ್ಲಿ ಒಂದೂ ಕಾಯಿಲೆ ಅಲ್ಲ. ಒಬ್ಬರ ಮುಖ ಇದ್ದಂಗೆ ಇನ್ನೊಬ್ಬರ ಮುಖ ಇರಲ್ವಲ್ಲ, ಮೂಗಿನ ಒಳಗೂ ಹಂಗೇನೇ, ಒಬ್ಬರದ್ದೇ ಎಡಕ್ಕೂ ಬಲಕ್ಕೂ ಹೊಂದಿಕೆ ಇರಲ್ಲ, ಕೆಲವರಿಗಂತೂ ಹಣೆಯ ಸೈನಸ್, ಅಂದ್ರೆ ಮೂಳೆಯೊಳಗಿನ ಗಾಳಿ ಕೋಣೆ, ಬೆಳೆದೇ ಇರಲ್ಲ.

ಕೊಂಕಾ ಬುಲ್ಲೋಸಾ ಅಂದ್ರೆ ಮೂಗಿನೊಳಗಿನ ಮಧ್ಯದ ಟರ್ಬಿನೇಟ್ ಅನ್ನೋ ಸುರುಳಿ ಮೂಳೆ ಒಳಗೆ ಗಾಳಿ ತುಂಬಿ ಉಬ್ಬಿರೋದು. ತುಂಬಾ ಜನಕ್ಕೆ ಇರತ್ತೆ, ದೊಡ್ಡದಾಗಿ ಸೈನಸ್ ದಾರಿನ ಒತ್ತಿದ್ರೆ ಮಾತ್ರ ಅದನ್ನ ಸರಿ ಮಾಡ್ತಾರೆ.

ಒನೋಡಿ ಸೆಲ್ಲೂ ಕಾಯಿಲೆ ಅಲ್ಲ, ಆದ್ರೆ ಆಪರೇಷನ್ ಟೈಮಲ್ಲಿ ಹುಷಾರು ಬೇಕು. ಕಣ್ಣುಗಳ ನಡುವೆ ಇರೋ ಎತ್ಮಾಯ್ಡ್ ಸೈನಸ್‌ನ ಕೊನೇ ಕೋಣೆ ಹಿಂದಕ್ಕೆ ಬೆಳೆದು, ಮೂಗಿನ ಹಿಂದೆ ಆಳದಲ್ಲಿರೋ ಸ್ಫಿನಾಯ್ಡ್ ಸೈನಸ್ ಮೇಲೆ ಕೂತಿರತ್ತೆ, ಕಣ್ಣಿನ ನರ ಅದರ ಗೋಡೆಯಲ್ಲೇ ಹಾದುಹೋಗ್ತಿರತ್ತೆ, ಕೆಲವೊಮ್ಮೆ ಆ ನರದ ಮೇಲೆ ಮೂಳೆ ಹೊದಿಕೆನೂ ಇರಲ್ಲ. ಸರ್ಜನ್ ಇನ್ನೂ ಹಿಂದಕ್ಕೆ ಹೋದ್ರೆ ಸ್ಫಿನಾಯ್ಡ್ ಸಿಗತ್ತೆ ಅನ್ಕೊಂಡು ಅಲ್ಲೇ ಮುಂದುವರಿದ್ರೆ ನರಕ್ಕೆ ಪೆಟ್ಟು ಬಿದ್ದು ದೃಷ್ಟಿ ಹೋಗೋ ಅಪಾಯ ಇದೆ. ನಿಜವಾದ ಸ್ಫಿನಾಯ್ಡ್ ಇರೋದು ಅದಕ್ಕಿಂತ ಕೆಳಗೆ, ಮೂಗಿನ ನಡುಗೋಡೆ ಕಡೆ. ಆ ಸ್ಫಿನಾಯ್ಡ್ ಒಳಗಿನ ಅಡ್ಡಗೋಡೆನೂ ಕೆಲವರಲ್ಲಿ ಓರೆಯಾಗಿ ಹೋಗಿ ಮೆದುಳಿಗೆ ರಕ್ತ ಒಯ್ಯೋ ಕರೋಟಿಡ್ ರಕ್ತನಾಳದ ಮೇಲಿನ ಮೂಳೆಗೇ ಅಂಟಿರತ್ತೆ, ಅದನ್ನ ತಿರುಚಿ ಕೀಳೋ ಹಾಗೇ ಇಲ್ಲ.

ಕೆರೋಸ್ ಅನ್ನೋದು ಒಂದು ಅಳತೆ, 1962ರಲ್ಲಿ ಬಂದಿದ್ದು. ಮೂಗಿನ ಛಾವಣಿ ಅಂದ್ರೆ ಮೆದುಳಿನ ತಳ, ಅಲ್ಲಿ ವಾಸನೆ ನರದ ಭಾಗ ಕೂರೋ ಒಂದು ಗುಂಡಿ ಇದೆ. ಅದರ ಆಳ 1ರಿಂದ 3 ಮಿಲಿಮೀಟರ್ ಇದ್ರೆ ಟೈಪ್ 1, 4ರಿಂದ 7 ಇದ್ರೆ ಟೈಪ್ 2, 8ರಿಂದ 16 ಇದ್ರೆ ಟೈಪ್ 3. ಆಳ ಜಾಸ್ತಿ ಆದಷ್ಟೂ ಪಕ್ಕದ ಗೋಡೆ ಎತ್ತರ ಆಗತ್ತೆ, ಆ ಗೋಡೆ ಈರುಳ್ಳಿ ಸಿಪ್ಪೆ ಥರ ತೆಳು, ತೂತಾದ್ರೆ ಮೆದುಳಿನ ಸುತ್ತ ಇರೋ ನೀರು ಮೂಗಿಂದ ಸೋರೋಕೆ ಶುರುವಾಗತ್ತೆ, ಸೋಂಕು ಮೇಲಕ್ಕೆ ಏರೋ ದಾರಿನೂ ಆಗತ್ತೆ.

ಹಂಗಂತ ಆಪರೇಷನ್ ಬೇಡ ಅಂತ ಓಡಿ ಹೋಗ್ಬೇಡಿ. ಮೊದ್ಲೇ ಗೊತ್ತಾಗಿದ್ದು ನಿಮಗೆ ಒಳ್ಳೇದೇ ಆಯ್ತು, ಗೊತ್ತಿದ್ರೆ ಸರ್ಜನ್ ಆ ಜಾಗದಲ್ಲಿ ಹುಷಾರಾಗಿರ್ತಾರೆ. ನನ್ನ ಕಳಕಳಿ ಒಂದೇ, ಬರೀ ರಿಪೋರ್ಟ್ ಹಾಳೆ ಹಿಡ್ಕೊಂಡು ಹೋಗ್ಬೇಡಿ, ಸಿಡಿನೋ ಫಿಲ್ಮೋ ತಗೊಂಡೇ ಹೋಗಿ, ಹಿಂದೆ ಮೂಗಿನ ಆಪರೇಷನ್ ಆಗಿದ್ರೆ ಆ ಪೇಪರ್‌ನೂ ಕೊಡಿ, ಯಾಕಂದ್ರೆ ಆ ಆಪರೇಷನ್‌ನಲ್ಲಿ ಸರ್ಜನ್ ದಾರಿ ಗುರುತಿಸೋ ಮೂಳೆಗಳೇ ಕೆಲವೊಮ್ಮೆ ಹೋಗಿರ್ತವೆ. ಆಮೇಲೆ "ಒನೋಡಿ ಸೆಲ್ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ ಡಾಕ್ಟ್ರೇ" ಅಂತ ಸಂಕೋಚ ಇಲ್ದೆ ಕೇಳಿ.