ಒಡ್ಡಿನ ಮರ ಬೆಳೆಯನ್ನು ತಿನ್ನುವುದಿಲ್ಲವೇ?

ಓದುಗರ ಪ್ರಶ್ನೆ: ಯಲಬುರ್ಗಾ ಕಡೆ ನಮ್ಮದು ಮಳೆಯನ್ನೇ ನಂಬಿದ ಹೊಲ. ಒಡ್ಡಿನ ಮೇಲೆ ಗಿಡ ಹಚ್ಚಿ, ಹವಾಮಾನ ಬದಲಾವಣೆಗೆ ಅದೇ ಮದ್ದು ಎಂದು ಸಭೆಗಳಲ್ಲಿ ಹೇಳುತ್ತಾರೆ. ಆದರೆ ಮರದ ಬುಡದಲ್ಲಿ ಬೆಳೆ ಏಳುವುದಿಲ್ಲ. ಇಳುವರಿ ಕಳೆದುಕೊಂಡು ನಾವೇಕೆ ಮರ ಬೆಳೆಸಬೇಕು?

ಉತ್ತರ: ನೀವು ಹೇಳುವುದು ನಿಜ, ಮರದ ಬುಡದಲ್ಲಿ ಬೆಳೆ ಸೊರಗುತ್ತದೆ. ವೇದಿಕೆಯ ಮೇಲಿನವರು ಈ ಮಾತನ್ನು ನುಂಗಿಕೊಳ್ಳುವುದರಿಂದಲೇ ಅವರ ಉಳಿದ ಮಾತುಗಳ ಮೇಲೂ ರೈತರಿಗೆ ನಂಬಿಕೆ ಹೋಗುತ್ತದೆ. ಮುಚ್ಚಿಡುವ ಬದಲು ಎಷ್ಟು ನಷ್ಟ ಎಂದು ಲೆಕ್ಕ ಹಾಕೋಣ.

ಚೌಕವಾಗಿರುವ ಒಂದು ಎಕರೆಯ ಒಂದು ಮಗ್ಗುಲು ಸುಮಾರು 64 ಮೀಟರ್. ಒಂದೇ ಒಡ್ಡಿನ ಮೇಲೆ ನಾಲ್ಕು ಮೀಟರಿಗೊಂದರಂತೆ ನೆಟ್ಟರೆ 16 ಮರಗಳು. ಅವುಗಳ ಪಕ್ಕದ ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ಬೆಳೆಗೆ ಪೆಟ್ಟು ಬಿತ್ತು ಎಂದುಕೊಳ್ಳಿ. ಅದು 192 ಚದರ ಮೀಟರ್, ಹೆಚ್ಚುಕಡಿಮೆ ಎರಡು ಗುಂಟೆ. ಅಲ್ಲಿ ಅರ್ಧ ಬೆಳೆ ಹೋದರೂ ಎಕರೆಗೆ ಒಂದು ಗುಂಟೆಯ ಫಸಲು, ಅಂದರೆ ನಲವತ್ತರಲ್ಲಿ ಒಂದು ಪಾಲು. ಕೊಂಬೆ ಸವರದೆ, ಬೇರು ಕಡಿಯದೆ ಬಿಟ್ಟರೆ ಇದು ದುಪ್ಪಟ್ಟಾದೀತು. ಹೊಲದ ನಾಲ್ಕೂ ಕಡೆ ನೆಟ್ಟರಂತೂ ಲೆಕ್ಕವೇ ಬೇರೆ. ಅದಕ್ಕೇ ಮೊದಲು ಒಂದೇ ಒಡ್ಡಿನಿಂದ ಆರಂಭಿಸಿ ಎನ್ನುತ್ತೇನೆ.

ಯಾವ ಒಡ್ಡು? ನಮ್ಮ ಕಡೆ ಮುಂಗಾರಿನಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಆಗ ನೆರಳು ಬುಡ ಬಿಟ್ಟು ಹೋಗುವುದಿಲ್ಲ. ಕಡಲೆ, ಬಿಳಿಜೋಳ ನಿಂತಿರುವ ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆ. ಎಂಟು ಮೀಟರ್ ಎತ್ತರದ ಮರ ಮಧ್ಯಾಹ್ನವೂ ಆರು ಮೀಟರಿಗೆ ಮಿಕ್ಕಿ ಉತ್ತರದ ಕಡೆ ನೆರಳು ಚೆಲ್ಲುತ್ತದೆ. ಆದ್ದರಿಂದ ಹೊಲದ ಬಡಗಣ ಒಡ್ಡಿನಲ್ಲಿ ಮರವಿದ್ದರೆ ನಿಮ್ಮ ಬೆಳೆ ಬಚಾವು. ಆ ನೆರಳು ಪಕ್ಕದವರ ಹೊಲಕ್ಕೆ ಬೀಳುತ್ತದೆ ಎಂಬುದನ್ನೂ ಹೇಳಿಬಿಡಬೇಕು, ಏಕೆಂದರೆ ಒಡ್ಡಿನ ಜಗಳಗಳು ಹುಟ್ಟುವುದೇ ಹೀಗೆ. ಬಡಗಣಕ್ಕೆ ಹಳ್ಳವೋ ಬಂಡಿದಾರಿಯೋ ಇದ್ದವರು ಪುಣ್ಯವಂತರು. ಉಳಿದವರು ಪಕ್ಕದವರನ್ನು ಕೇಳಿಯೇ ಗುಂಡಿ ತೋಡುವುದು ಲೇಸು.

ಆದರೆ ಒಣಬೇಸಾಯದಲ್ಲಿ ನೆರಳಿಗಿಂತ ದೊಡ್ಡ ಕಳ್ಳ ಬೇರು. ಮಳೆ ಕೈಕೊಟ್ಟ ವರ್ಷ ಮರವೂ ತೊಗರಿಯೂ ಒಂದೇ ತೇವಕ್ಕೆ ಕೈಚಾಚುತ್ತವೆ. ಇದಕ್ಕೆ ಉಪಾಯ ಸರಳ, ಮೈಮುರಿಯುವ ಕೆಲಸ ಅಷ್ಟೆ. ಬುಡದಿಂದ ಒಂದೂವರೆ-ಎರಡು ಮೀಟರ್ ದೂರದಲ್ಲಿ, ಬೆಳೆಯ ಮಗ್ಗುಲಿಗೆ, ಎರಡರಿಂದ ಮೂರು ಅಡಿ ಆಳದ ಕಾಲುವೆ ತೋಡಿ ಮೇಲುಬೇರುಗಳನ್ನು ಕಡಿಯಬೇಕು. ಮೇಲುಬೇರು ಹೋದಷ್ಟೂ ಮರ ಬೆಳೆಗೆ ಎಟುಕದ ಆಳದ ತೇವವನ್ನು ಅರಸುತ್ತದೆ. ಕಾಲುವೆಯಲ್ಲಿ ಮಳೆ ನೀರೂ ನಿಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಕೆದಕದಿದ್ದರೆ ಬೇರು ದಾಟಿ ಬರುತ್ತದೆ.

ಮರದ ಜಾತಿಯೂ ಮುಖ್ಯ. ಎಲ್ಲರೂ ಹೆಬ್ಬೇವಿನ ಹಿಂದೆ ಬಿದ್ದಿದ್ದಾರೆ. ಅದು ಬೇಗ ಬೆಳೆಯುತ್ತದೆ, ನಿಜ, ಆದರೆ ನೀರಿದ್ದಲ್ಲಿ. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಬೇವು, ಹುಣಸೆ, ಸೀತಾಫಲ, ಕಮರ ಹೊಂದುತ್ತವೆ. ಕಪ್ಪು ಮಣ್ಣಿನ ಎರೆಹೊಲದಲ್ಲಿ ಕರಿಜಾಲಿ ಹಿಂದಿನಿಂದಲೂ ಇದೆ. ಕೂರಿಗೆ, ಕುಂಟೆ, ನೊಗಕ್ಕೆ ಅದರ ಕಟ್ಟಿಗೆ, ಕುರಿಗೆ ಅದರ ಕಾಯಿ. ನನ್ನನ್ನು ಕೇಳಿದರೆ ಬನ್ನಿಗೆ ಮೊದಲ ಮಣೆ. ಅದರ ಎಲೆ ಸಣ್ಣದು, ನೆರಳು ತೆಳು, ತಾಯಿಬೇರು ಬಹಳ ಆಳ, ಮೇಲಾಗಿ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವ ಗುಣ. ರಾಜಸ್ಥಾನದಲ್ಲಿ ಇದನ್ನು ಖೇಜ್ರಿ ಎನ್ನುತ್ತಾರೆ, ಅಲ್ಲಿನ ರೈತರು ಸಜ್ಜೆ ಹೊಲದ ನಟ್ಟನಡುವೆಯೇ ಉಳಿಸಿಕೊಳ್ಳುತ್ತಾರೆ. ನಾವು ದಸರೆಯ ದಿನ ಪೂಜಿಸಿ ಉಳಿದ ದಿನ ಮರೆಯುತ್ತೇವೆ. ಬಳ್ಳಾರಿ ಜಾಲಿಯನ್ನು ಮಾತ್ರ ಒಡ್ಡಿಗೆ ಬಿಟ್ಟುಕೊಳ್ಳಬೇಡಿ. ಅಮೆರಿಕ ಖಂಡಗಳಿಂದ ಬಂದ ಆ ಗಿಡ ಹೊಲವನ್ನೇ ಆಕ್ರಮಿಸುತ್ತದೆ. ಸಜ್ಜೆ, ಜೋಳ ಬೆಳೆಯುವವರ ಇನ್ನೊಂದು ದೂರು ಗುಬ್ಬಿಗಳದ್ದು: ಮರವಿದ್ದರೆ ಅದರಲ್ಲಿ ಕೂತು ತೆನೆಗೆ ಎರಗುತ್ತವೆ. ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ. ತೆನೆ ಹಾಲುಗಾಳಾಗುವಾಗ ಕಾವಲಿರಬೇಕು, ಇಲ್ಲವೇ ಮರದ ಮಗ್ಗುಲಿಗೆ ತೊಗರಿಯ ಸಾಲು ಹಾಕಬೇಕು.

ಮರಗಳ ನಡುವಿನ ಜಾಗಕ್ಕೆ ಸೊಪ್ಪುಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ ಹಚ್ಚಿ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಒಡ್ಡುಗಳಿಗೆ ಇದನ್ನೇ ಶಿಫಾರಸು ಮಾಡುತ್ತದೆ. ಬಿತ್ತನೆಗೆ ಮುನ್ನ ಮೊಣಕಾಲಿನಿಂದ ಸೊಂಟದೆತ್ತರಕ್ಕೆ ಸವರಿ ಸೊಪ್ಪನ್ನು ಮಣ್ಣಿಗೆ ಸೇರಿಸಿದರೆ ಯೂರಿಯಾ ಸ್ವಲ್ಪ ಉಳಿಯುತ್ತದೆ. ಹವಾಮಾನದ ಮಾತು ನಿಜವಾಗಿ ಬರುವುದು ಇಲ್ಲಿಯೂ ಹೌದು: ಸಾರಜನಕ ಗೊಬ್ಬರ ಹಾಕಿದ ಹೊಲದಿಂದ ಏಳುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ನೋಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಇನ್ನು ಗಾಳಿ. ಯಲಬುರ್ಗಾ, ಕುಕನೂರು ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ವಿದ್ಯುತ್ ಕಂಪನಿಗೆ ಬೇಕಾದ ಅದೇ ಗಾಳಿ ನಿಮ್ಮ ಹೊಲದ ತೇವವನ್ನು ಹೀರಿ ಒಯ್ಯುತ್ತದೆ. ಗಾಳಿಗೆ ಅಡ್ಡಲಾಗಿ ನಿಂತ ದಟ್ಟ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಅದರ ಬಿರುಸನ್ನು ತಗ್ಗಿಸಬಲ್ಲದು. ಎಂಟು ಮೀಟರಿನ ಮರಕ್ಕೆ ಎಂಬತ್ತು ಮೀಟರ್, ಅಂದರೆ ಆ ಎಕರೆ ಪೂರ್ತಿ. ಆದರೆ ಬಡಗಣ ಒಡ್ಡು ಬಡಗಣದಿಂದ ಬೀಸುವ ಗಾಳಿಯನ್ನಷ್ಟೇ ತಡೆಯುತ್ತದೆ, ಮುಂಗಾರಿನ ಪಡುವಣ ಗಾಳಿಯನ್ನಲ್ಲ. ಬರಿ ದೂರ ದೂರದ ಮರಗಳಿಂದ ಇಷ್ಟು ಆಗದು, ಕೆಳಗೆ ಗ್ಲಿರಿಸಿಡಿಯಾ ತುಂಬಿಕೊಂಡಿರಬೇಕು. ಕಳೆದುಕೊಂಡ ಒಂದು ಗುಂಟೆಯನ್ನು ನಾನು ಇದರ ಎದುರಿಗಿಟ್ಟು ತೂಗುತ್ತೇನೆ.

ಇಂಗಾಲದ ಲೆಕ್ಕವೂ ಆಗಲಿ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಇಂಗಾಲವೆಂದರೆ ಗಾಳಿಯಿಂದ ಎಳೆದ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಹದಿನೈದು ವರ್ಷದಲ್ಲಿ ಒಂದೊಂದು ಮರ ಬೇರು ಸೇರಿ 150 ಕಿಲೋ ಒಣ ತೂಕ ಕಟ್ಟಿಕೊಂಡರೆ, 16 ಮರಗಳಿಂದ 4.4 ಟನ್, ವರ್ಷಕ್ಕೆ ಸರಾಸರಿ 300 ಕಿಲೋ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಹೊರಬರುವುದರಿಂದ, ಇದು ನೂರಕ್ಕೂ ಹೆಚ್ಚು ಲೀಟರ್ ಡೀಸೆಲ್ಲಿನ ಹೊಗೆಗೆ ಸಮ. ಆ ಎಕರೆಯ ಟ್ರ್ಯಾಕ್ಟರ್ ಕೆಲಸದ ಹೊಗೆಯನ್ನು ಒಡ್ಡು ಹೀರಿಕೊಂಡಂತಾಯಿತು. ಮರ ಕಡಿದು ಒಲೆಗೆ ಹಾಕಿದರೆ ಅದು ಗಾಳಿಗೆ ಮರಳುತ್ತದೆ, ಬಾಗಿಲು-ತೊಲೆಯಾದರೆ ಉಳಿಯುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದವರಿಗೆ ಈ ಉತ್ತರ ಹೊಂದುವುದಿಲ್ಲ. ಸದಾ ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಬಿಸಿ ಹಿಡಿಯುವ ಅನಿಲ ಏಳುತ್ತದೆ. ಅಲ್ಲಿ ಮರಕ್ಕಿಂತ ಮೊದಲು, ಗದ್ದೆಯನ್ನು ನಡುನಡುವೆ ಆರಲು ಬಿಟ್ಟು ನೀರು ಕಟ್ಟುವುದು ಕಲಿಯಬೇಕಾದ ಕೆಲಸ.

ಸಸಿಗಳಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಸಿ, ಬದುಕುಳಿದ ಸಸಿಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ. ಸುಗ್ಗಿಯ ನಂತರ ಕುರಿಹಿಂಡುಗಳು ಹೊಲಕ್ಕಿಳಿಯುವುದರಿಂದ ಮೊದಲೆರಡು ವರ್ಷ ಮುಳ್ಳಿನ ಬೇಲಿ ಇಲ್ಲದೆ ಒಂದು ಸಸಿಯೂ ಉಳಿಯದು. ಕಡಿಯಲು ಅನುಮತಿ ಬೇಕಾದ ಜಾತಿ ಯಾವುದು ಎಂದು ವಲಯ ಅರಣ್ಯ ಕಚೇರಿಯಲ್ಲಿ ನೆಡುವ ಮೊದಲೇ ಕೇಳಿ, ನೆಟ್ಟ ಮೇಲೆ ಪಹಣಿಯಲ್ಲಿ ಮರಗಳನ್ನು ಬರೆಸಿ.

ಮರ ಹೀರಿದ ಇಂಗಾಲಕ್ಕೆ ಹಣ ಕೊಡುವ ಕಾರ್ಬನ್ ಕ್ರೆಡಿಟ್ ಹೆಸರಿನಲ್ಲಿ ಎಕರೆಗೆ ಇಷ್ಟು ಸಾವಿರ ಎಂದು ಯಾರಾದರೂ ಬಂದರೆ ಮೇಲಿನ ಲೆಕ್ಕ ತೋರಿಸಿ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ನಿಮ್ಮ ಒಡ್ಡಿನಿಂದ ಎಕರೆಗೆ ಒಂದು ಕ್ರೆಡಿಟ್ ಹುಟ್ಟಲು ಮೂರು ವರ್ಷಕ್ಕೂ ಹೆಚ್ಚು ಬೇಕು. ಆದರೂ ಸಹಿ ಹಾಕುವ ಮನಸ್ಸಿದ್ದರೆ, ಎಷ್ಟು ವರ್ಷ ಮರ ಕಡಿಯುವಂತಿಲ್ಲ ಎಂಬ ಸಾಲು ಕರಾರಿನಲ್ಲಿ ಎಲ್ಲಿದೆ ಎಂದು ಹುಡುಕಿ ಓದಿಸಿಕೊಳ್ಳಿ.